ಆ್ಯಂಟಿಆಕ್ಸಿಡೆಂಟ್ ಹೆಚ್ಚಿದೆ ಅಂತ ಸಕ್ಕರೆ ಮಾತ್ರೆ ಬಿಡಬಹುದೇ?

ಪ್ರಶ್ನೆ: ನಮ್ಮ ತಂದೆಗೆ 63 ವರ್ಷ. ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ ಇದೆ. ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಮೆಟ್‌ಫಾರ್ಮಿನ್ 500 ಎರಡು ಹೊತ್ತು, ಗ್ಲಿಮೆಪಿರೈಡ್ 1 ಬೆಳಿಗ್ಗೆ (ಎರಡೂ ಸಕ್ಕರೆಗೆ), ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್, ರಾತ್ರಿ ಕೊಲೆಸ್ಟ್ರಾಲಿಗೆ ಅಟೋರ್ವಾಸ್ಟಾಟಿನ್ 40 ತೆಗೆದುಕೊಳ್ಳುತ್ತಾರೆ. ಮೂರು ತಿಂಗಳ ಸರಾಸರಿ ಸಕ್ಕರೆ (ಎಚ್‌ಬಿಎ1ಸಿ) 7.9 ಇದೆ. ವಾಕಿಂಗ್ ಗೆಳೆಯರ ಮಾತು ಕೇಳಿ ಎರಡು ತಿಂಗಳಿಂದ ಖಾಲಿ ಹೊಟ್ಟೆಗೆ 30 ಎಂ.ಎಲ್. ನೆಲ್ಲಿಕಾಯಿ ರಸ, ಅಮೃತಬಳ್ಳಿ ಕಷಾಯ, ಹೊನ್ನೆ ಮರದ ಲೋಟದಲ್ಲಿಟ್ಟ ನೀರು, ಜೊತೆಗೆ ದಿನಕ್ಕೆ ಎರಡು ಅರಿಶಿನ ಕ್ಯಾಪ್ಸೂಲ್ (500 ಮಿ.ಗ್ರಾಂ, 95% ಕರ್ಕ್ಯುಮಿನ್, ಕಾಳುಮೆಣಸಿನ ಸಾರ ಸೇರಿದ್ದು) ಶುರುಮಾಡಿದ್ದಾರೆ. 'ಎಲ್ಲ ಕಾಯಿಲೆಯ ಮೂಲ ಫ್ರೀ ರ‍್ಯಾಡಿಕಲ್. ಆ್ಯಂಟಿಆಕ್ಸಿಡೆಂಟ್ ಕೊಟ್ಟರೆ ಮೂಲವೇ ಹೋಗುತ್ತೆ, ಮಾತ್ರೆ ಯಾಕೆ' ಅಂತ ಕೇಳ್ತಾರೆ. ಈಚೆಗೆ ಎರಡು ಸಲ ಹನ್ನೊಂದು ಗಂಟೆ ಹೊತ್ತಿಗೆ ಬೆವರಿ ಕೈ ನಡುಗಿತು. ಮುಂಗೈ ಮೇಲೆ ನೀಲಿ ಕಲೆಗಳೂ ಕಾಣಿಸಿವೆ. ಇವುಗಳಲ್ಲಿ ಯಾವುದನ್ನು ನಿಲ್ಲಿಸಬೇಕು? ಅಪ್ಪನಿಗೆ ಏನು ಹೇಳಲಿ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ಕೆಲಸದ ಮಾತು. ಡಾಕ್ಟರು ಬರೆದುಕೊಟ್ಟ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಅದರಲ್ಲೂ ಆಸ್ಪಿರಿನ್ ಮತ್ತು ಕ್ಲೊಪಿಡೋಗ್ರೆಲ್ ಒಂದು ದಿನವೂ ತಪ್ಪಬಾರದು. ಸ್ಟೆಂಟ್ ಹಾಕಿದ ಮೊದಲ ವರ್ಷದಲ್ಲಿ ಇವನ್ನು ತಾವಾಗಿಯೇ ಬಿಟ್ಟವರಲ್ಲಿ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಮತ್ತೆ ಹೃದಯಾಘಾತವಾಗುವ ಅಪಾಯ ಹೆಚ್ಚು. ಅರಿಶಿನ ಕ್ಯಾಪ್ಸೂಲ್ ಮತ್ತು ಅಮೃತಬಳ್ಳಿ ಕಷಾಯವನ್ನು ಇಂದೇ ನಿಲ್ಲಿಸಿ. ಹೊನ್ನೆ ಲೋಟದ ನೀರನ್ನೂ ಸದ್ಯಕ್ಕೆ ಬಿಡಲಿ. ನೆಲ್ಲಿಕಾಯಿ ರಸವಾಗಿ ಬೇಡ, ಊಟದ ಜೊತೆ ಕಾಯಿಯಾಗಿ ಇರಲಿ. ಬೆವರು, ಕೈನಡುಕದ ಬಗ್ಗೆ ಈ ವಾರವೇ ಡಾಕ್ಟರಿಗೆ ತಿಳಿಸಿ. ಇಷ್ಟರ ಹಿಂದಿನ ಕಾರಣಗಳನ್ನು ಕೆಳಗೆ ವಿವರಿಸಿದ್ದೇನೆ.

ನಿಮ್ಮ ತಂದೆಯವರ ವಾದದಲ್ಲಿ ಅರ್ಧ ಸತ್ಯ ಇದೆ, ತೊಂದರೆಯೂ ಅಲ್ಲೇ ಇದೆ. ಫ್ರೀ ರ‍್ಯಾಡಿಕಲ್ ಅನ್ನುವುದು ನಿಜವಾದ ವಸ್ತು. ಜೀವಕೋಶಗಳು ಆಮ್ಲಜನಕ ಬಳಸಿ ಶಕ್ತಿ ತಯಾರಿಸುವಾಗ ಸೂಪರ್‌ಆಕ್ಸೈಡ್, ಹೈಡ್ರಾಕ್ಸಿಲ್‌ನಂಥವು ಹುಟ್ಟುತ್ತವೆ. ಅವನ್ನು ತಣಿಸುವ ವಸ್ತುವೇ ಆ್ಯಂಟಿಆಕ್ಸಿಡೆಂಟ್. ಅವು ಮಿತಿಮೀರಿದರೆ ಕೊಬ್ಬು, ಪ್ರೋಟೀನು, ಡಿಎನ್‌ಎ ಕೆಡುತ್ತವೆ. ಮುಪ್ಪಿಗೆ ಇವೇ ಕಾರಣ ಎಂಬ ಸಿದ್ಧಾಂತವನ್ನು ಅಮೆರಿಕದ ಡೆನ್‌ಹ್ಯಾಮ್ ಹಾರ್ಮನ್ 1956ರಲ್ಲಿ ಮುಂದಿಟ್ಟರು. ಸಕ್ಕರೆ ಕಾಯಿಲೆಯಲ್ಲಿ ರಕ್ತದ ಗ್ಲೂಕೋಸ್ ಏರಿದಾಗ ರಕ್ತನಾಳದ ಒಳಪದರದಲ್ಲಿ ಇವುಗಳ ಉತ್ಪತ್ತಿ ಹೆಚ್ಚುತ್ತದೆ ಎಂಬುದೂ ನಿಜ.

ವಾದ ಜಾರುವುದು ಮುಂದಿನ ಹೆಜ್ಜೆಯಲ್ಲಿ. ಇವೇ ವಸ್ತುಗಳನ್ನು ದೇಹ ಬೇಕೆಂದೇ ತಯಾರಿಸುತ್ತದೆ. ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುವುದು ಇವುಗಳ ನೆರವಿನಿಂದ. ವ್ಯಾಯಾಮ ಮಾಡಿದಾಗ ಸ್ನಾಯುಗಳಿಗೆ 'ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸು' ಎಂಬ ಸೂಚನೆ ಹೋಗುವುದರಲ್ಲೂ ಇವುಗಳ ಪಾಲಿದೆ. 2009ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಪ್ರಯೋಗದಲ್ಲಿ ವ್ಯಾಯಾಮ ಮಾಡುವ ಯುವಕರಿಗೆ ದಿನಾ 1000 ಮಿ.ಗ್ರಾಂ ವಿಟಮಿನ್ ಸಿ ಮತ್ತು 400 ಯೂನಿಟ್ ವಿಟಮಿನ್ ಇ ಕೊಟ್ಟರು. ಮಾತ್ರೆ ತಿನ್ನದವರಲ್ಲಿ ವ್ಯಾಯಾಮದಿಂದ ಇನ್ಸುಲಿನ್ ಕೆಲಸ ಸುಧಾರಿಸಿತು, ತಿಂದವರಲ್ಲಿ ಆ ಲಾಭ ಸಿಗಲಿಲ್ಲ. ವಾಕಿಂಗ್ ಮುಗಿಸಿ ಬಂದು ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗುವವರು ಇದನ್ನು ಗಮನಿಸಬೇಕು. ಇನ್ನು, ಮಿತಿಮೀರಿದ ರ‍್ಯಾಡಿಕಲ್‌ಗಳನ್ನು ಹಿಡಿತದಲ್ಲಿಡಲು ದೇಹದಲ್ಲೇ ಸೂಪರ್‌ಆಕ್ಸೈಡ್ ಡಿಸ್‌ಮ್ಯುಟೇಸ್, ಕ್ಯಾಟಲೇಸ್, ಗ್ಲೂಟಥಯೋನ್ ಎಂಬ ವ್ಯವಸ್ಥೆ ಇದೆ. ಅದರ ವೇಗದ ಮುಂದೆ ನಾವು ಬಾಯಿಂದ ನುಂಗುವುದು ಬಹಳ ಸಣ್ಣ ಪಾಲು.

ಹಾಗಾದರೆ ಬಾಟಲಿಯ ಮೇಲೆ ಬರೆಯುವ ದೊಡ್ಡ ದೊಡ್ಡ ಅಂಕಿಗಳು ಎಲ್ಲಿಂದ ಬರುತ್ತವೆ? ಹೆಚ್ಚಿನವು ಗಾಜಿನ ನಳಿಕೆಯಿಂದ. ಪ್ರಯೋಗಾಲಯದಲ್ಲಿ ಡಿಪಿಪಿಎಚ್ ಎಂಬ ಕಡು ನೇರಳೆ ದ್ರಾವಣಕ್ಕೆ ಗಿಡದ ಸಾರ ಹಾಕುತ್ತಾರೆ. ಬಣ್ಣ ಹಳದಿಗೆ ತಿರುಗಿದಷ್ಟೂ 'ಆ್ಯಂಟಿಆಕ್ಸಿಡೆಂಟ್ ಶಕ್ತಿ ಹೆಚ್ಚು' ಎಂದು ಬರೆದುಕೊಳ್ಳುತ್ತಾರೆ. ಹೆಚ್ಚಿದ ಬದನೆಕಾಯಿಗೆ ಹುಣಸೆ ನೀರು ಹಾಕಿದರೆ ಕಪ್ಪಾಗದೆ ಉಳಿಯುತ್ತದಲ್ಲ, ಅದೂ ಒಂದು ಬಗೆಯಲ್ಲಿ ಆಕ್ಸಿಡೀಕರಣವನ್ನು ತಡೆಯುವುದೇ. ಅದನ್ನು ನೋಡಿ ಹುಣಸೆ ನೀರು ಹೃದಯಾಘಾತ ತಡೆಯುತ್ತದೆ ಎಂದು ಯಾರೂ ಹೇಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಆಹಾರಗಳ ಆ್ಯಂಟಿಆಕ್ಸಿಡೆಂಟ್ ಶಕ್ತಿಯನ್ನು ನಳಿಕೆಯಲ್ಲಿ ಅಳೆದ 'ಒರ‍್ಯಾಕ್' ಅಂಕಿಗಳ ಒಂದು ದೊಡ್ಡ ಪಟ್ಟಿ ಇಟ್ಟಿತ್ತು. ಆ ಅಂಕಿಗೂ ಮನುಷ್ಯನ ಆರೋಗ್ಯಕ್ಕೂ ಸಂಬಂಧ ತೋರಿಸುವ ಪುರಾವೆ ಇಲ್ಲ, ಕಂಪನಿಗಳು ಅದನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ ಎಂದು 2012ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಮಾರುವವರು ಮಾತ್ರ ಆ ಅಂಕಿಯನ್ನು ಇನ್ನೂ ಬಿಟ್ಟಿಲ್ಲ. ಇನ್ನೊಂದು ಸಂಗತಿ: ನಮ್ಮ ರಕ್ತದ ದ್ರವದಲ್ಲಿರುವ ಪ್ರಮುಖ ಆ್ಯಂಟಿಆಕ್ಸಿಡೆಂಟ್‌ಗಳಲ್ಲಿ ಯೂರಿಕ್ ಆಸಿಡ್ ಕೂಡ ಒಂದು. ಅದು ಹೆಚ್ಚಾದರೆ ಸಿಗುವುದು ಆಯುಷ್ಯ ಅಲ್ಲ, ಗೌಟ್ ಕೀಲುನೋವು.

ನಳಿಕೆ ಬಿಟ್ಟು ಮನುಷ್ಯರ ಮೇಲೆ ನಡೆದ ದೊಡ್ಡ ಪರೀಕ್ಷೆಗಳನ್ನು ನೋಡಿದರೆ ಉತ್ಸಾಹ ಇಳಿಯುತ್ತದೆ. ಫಿನ್‌ಲೆಂಡಿನಲ್ಲಿ 29,133 ಗಂಡಸು ಧೂಮಪಾನಿಗಳ ಮೇಲೆ ನಡೆದ ಪ್ರಯೋಗದ ಫಲಿತಾಂಶ 1994ರಲ್ಲಿ ಬಂತು. ಬೀಟಾ ಕ್ಯಾರೋಟಿನ್ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18% ಹೆಚ್ಚಾಗಿತ್ತು. ನಿಮ್ಮ ತಂದೆಯವರಿಗೆ ಇನ್ನೂ ಹತ್ತಿರದ್ದು 2000ದಲ್ಲಿ ಪ್ರಕಟವಾದ 'ಹೋಪ್' ಪರೀಕ್ಷೆ. ಅದರಲ್ಲಿದ್ದವರು ಹೃದ್ರೋಗ ಇರುವ, ಇಲ್ಲವೇ ಸಕ್ಕರೆ ಕಾಯಿಲೆಯ ಜೊತೆ ಬೇರೆ ಅಪಾಯಗಳೂ ಇರುವ, 55 ದಾಟಿದ ಒಂಬತ್ತೂವರೆ ಸಾವಿರ ಜನ. ನಾಲ್ಕೂವರೆ ವರ್ಷ ದಿನಾ 400 ಯೂನಿಟ್ ವಿಟಮಿನ್ ಇ ತಿಂದರೂ ಹೃದಯಾಘಾತವಾಗಲೀ ಪಾರ್ಶ್ವವಾಯುವಾಗಲೀ ಹೃದ್ರೋಗದ ಸಾವಾಗಲೀ ಕಡಿಮೆಯಾಗಲಿಲ್ಲ.

ಇಷ್ಟೆಲ್ಲ ಹೇಳಿದ್ದು ಗಿಡಮೂಲಿಕೆಗಳಿಗೆ ಔಷಧಿಯ ಗುಣವೇ ಇಲ್ಲ ಎಂದಲ್ಲ. ಗಿಡದಿಂದ ಬಂದ ಶಕ್ತಿಶಾಲಿ ಔಷಧಿಗಳು ಬೇಕಾದಷ್ಟಿವೆ, ಆದರೆ ಅವು ಕೆಲಸ ಮಾಡುವುದು ಬೇರೆ ದಾರಿಯಿಂದ. ಅಂಗಳದಲ್ಲಿ ಅರಳುವ ನಿತ್ಯಪುಷ್ಪದ ವಿನ್‌ಕ್ರಿಸ್ಟಿನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ಮುಖ್ಯ ಔಷಧಿ. ಅದು ಕೋಶ ವಿಭಜನೆಯನ್ನು ನಿಲ್ಲಿಸುತ್ತದೆ. ಮಲೇರಿಯಾಕ್ಕೆ ಕೊಡುವ ಆರ್ಟೆಮಿಸಿನಿನ್ ಅಂತೂ ತೀರಾ ತದ್ವಿರುದ್ಧ: ರೋಗಾಣುವಿನೊಳಗಿನ ಕಬ್ಬಿಣದ ಜೊತೆ ಸೇರಿ ಫ್ರೀ ರ‍್ಯಾಡಿಕಲ್‌ಗಳನ್ನು ಹುಟ್ಟಿಸಿ ಅದನ್ನು ಕೊಲ್ಲುತ್ತದೆ. ಅದನ್ನು ಕಂಡುಹಿಡಿದ ಚೀನಾದ ತೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ನಿಮ್ಮ ತಂದೆಯವರು ಬಿಡಬೇಕೆಂದಿರುವ ಮೆಟ್‌ಫಾರ್ಮಿನ್ನಿನ ಮೂಲವೂ ಒಂದು ಗಿಡವೇ. ಯುರೋಪಿನ ಗಲೀಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ಅಂಶ ಸಿಕ್ಕಿತು, ಆದರೆ ಅದು ವಿಷಕಾರಿ. ಅದೇ ಜಾತಿಯ, ಹೆಚ್ಚು ಸುರಕ್ಷಿತವಾದ ಅಣುವನ್ನು ಹುಡುಕಿ 1957ರಲ್ಲಿ ಫ್ರಾನ್ಸಿನಲ್ಲಿ ಸಕ್ಕರೆ ಕಾಯಿಲೆಗೆ ಬಳಕೆಗೆ ತಂದರು. 'ಗಿಡಮೂಲಿಕೆ ಬೇಕು' ಎನ್ನುವವರಿಗೆ ಇದನ್ನು ಹೇಳಿ ನೋಡಿ.

ಈಗ ಅವರು ತೆಗೆದುಕೊಳ್ಳುತ್ತಿರುವುದನ್ನು ನೋಡೋಣ. ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಕಾದದ್ದು ಕ್ಯಾಪ್ಸೂಲಿನ ಬಗ್ಗೆ.

ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸರಿಸುಮಾರು 3%. ಸಾರು, ಪಲ್ಯ, ಒಗ್ಗರಣೆ ಎಲ್ಲ ಸೇರಿ ಒಬ್ಬರ ಹೊಟ್ಟೆಗೆ ದಿನಕ್ಕೆ ಅರ್ಧ ಚಮಚ ಅರಿಶಿನ ಹೋದರೂ ಕರ್ಕ್ಯುಮಿನ್ 50 ಮಿ.ಗ್ರಾಂ ದಾಟುವುದು ಕಷ್ಟ. ಅವರ ಎರಡು ಕ್ಯಾಪ್ಸೂಲಿನಲ್ಲಿ ಇರುವುದು 950 ಮಿ.ಗ್ರಾಂ. ಅಷ್ಟನ್ನು ಪುಡಿಯಿಂದ ಪಡೆಯಲು 30 ಗ್ರಾಂ ಅರಿಶಿನ, ಅಂದರೆ ಸುಮಾರು ಹತ್ತು ಚಮಚ ತಿನ್ನಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ–ಕೃಷಿ ಸಂಸ್ಥೆಯ ಜಂಟಿ ತಜ್ಞರ ಸಮಿತಿ ಆಹಾರದ ಮೂಲಕ ದಿನವೂ ಸೇವಿಸಬಹುದೆಂದು ಇಟ್ಟ ಮಿತಿ ದೇಹತೂಕದ ಕಿಲೋಗೆ 3 ಮಿ.ಗ್ರಾಂ. 70 ಕಿಲೋ ತೂಕದವರಿಗೆ ಅದು 210. 'ಅಜ್ಜಿ ಕಾಲದಿಂದ ತಿಂತಿದ್ದೀವಿ' ಎಂಬ ಮಾತು ಅಡುಗೆಮನೆಯ ಡಬ್ಬಿಗೆ ಸಲ್ಲುತ್ತದೆ, ಈ ಕ್ಯಾಪ್ಸೂಲಿಗೆ ಸಲ್ಲುವುದಿಲ್ಲ.

ಇನ್ನು ಮೆಣಸಿನ ಸಾರ. ಕರ್ಕ್ಯುಮಿನ್ ತಾನಾಗಿ ರಕ್ತಕ್ಕೆ ಸೇರುವುದು ಅತ್ಯಲ್ಪ. ಕರುಳು ಮತ್ತು ಲಿವರ್ ಅದನ್ನು ಬೇಗ ಬದಲಿಸಿ ಹೊರಹಾಕುತ್ತವೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಮೆಣಸಿನ ಪೈಪರಿನ್ 20 ಮಿ.ಗ್ರಾಂ ಕೊಟ್ಟಾಗ ರಕ್ತಕ್ಕೆ ಸಿಗುವ ಪ್ರಮಾಣ 2000% ಹೆಚ್ಚಿತು. ಇವತ್ತು ಜಗತ್ತಿನೆಲ್ಲೆಡೆ ಬಾಟಲಿಗಳ ಮೇಲೆ ಕಾಣುವ '20 ಪಟ್ಟು' ಎಂಬ ಮಾತು ಅಲ್ಲಿಂದಲೇ ಹುಟ್ಟಿದ್ದು. ಬಾಟಲಿ ಹೇಳದ ಎರಡು ವಿಷಯಗಳಿವೆ. ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಪತ್ತೆಯೇ ಆಗದಷ್ಟು ಕಡಿಮೆ ಇತ್ತು, ಹಾಗಾಗಿ 20 ಪಟ್ಟಾದರೂ ಅದು ದೊಡ್ಡ ಪ್ರಮಾಣವೇನಲ್ಲ. ಎರಡನೆಯದು, ಪೈಪರಿನ್ ಕರ್ಕ್ಯುಮಿನ್ನಿಗೆ ಮಾತ್ರ ಬಾಗಿಲು ತೆರೆಯುವುದಿಲ್ಲ. ಔಷಧಿಗಳನ್ನು ಒಡೆದು ಹೊರಹಾಕುವ ಕಿಣ್ವಗಳನ್ನೇ ಅದು ತಡೆಯುತ್ತದೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಪ್ರೊಪ್ರನಲಾಲ್ ರಕ್ತದಲ್ಲಿ ಏರುವುದು ಮನುಷ್ಯರಲ್ಲಿ ಕಂಡುಬಂದಿದೆ. ನಿಮ್ಮ ತಂದೆಯವರ ಅಟೋರ್ವಾಸ್ಟಾಟಿನ್ ಒಡೆಯುವುದೂ ಪೈಪರಿನ್ ತಡೆಯುವ ಕಿಣ್ವಗಳಲ್ಲೊಂದರಿಂದಲೇ. ಸಾರಿಗೆ ಹಾಕುವ ಮೆಣಸಿನ ಬಗ್ಗೆ ಯೋಚನೆ ಬೇಡ. ಭಟ್ಟಿ ಇಳಿಸಿದ ಹಾಗೆ ಸಾರ ತೆಗೆದು ದಿನಾ ಎರಡು ಹೊತ್ತು ನುಂಗುವ ಲೆಕ್ಕವೇ ಬೇರೆ.

ಲಿವರಿನ ವಿಷಯ ಗಂಭೀರವಾದದ್ದು. 2019ರಲ್ಲಿ ಇಟಲಿಯಲ್ಲಿ ಅರಿಶಿನದ ಪೂರಕಗಳನ್ನು ತಿಂದ ಇಪ್ಪತ್ತಕ್ಕೂ ಹೆಚ್ಚು ಮಂದಿಗೆ ಹೆಪಟೈಟಿಸ್ ಆಯಿತು. ಆಮೇಲೆ ಅಮೆರಿಕದಿಂದಲೂ ವರದಿಗಳು ಬಂದವು. ಆಸ್ಟ್ರೇಲಿಯಾದ ಔಷಧಿ ನಿಯಂತ್ರಕರು 2023ರಲ್ಲಿ ಎಚ್ಚರಿಕೆ ಹೊರಡಿಸಿದರು. ಹೀರಿಕೆ ಹೆಚ್ಚಿಸಿದ ಉತ್ಪನ್ನಗಳ ಮೇಲೆಯೇ ಅನುಮಾನ ಹೆಚ್ಚು. ಇದು ಅಪರೂಪವೇ, ತಿಂದವರಿಗೆಲ್ಲ ಆಗುವುದಿಲ್ಲ. ಆದರೆ ನಿಮ್ಮ ತಂದೆಯವರ ಸ್ಥಿತಿಯಲ್ಲಿ ಇನ್ನೊಂದು ತೊಡಕಿದೆ. ಅಟೋರ್ವಾಸ್ಟಾಟಿನ್ ಕೂಡ ಕೆಲವರಲ್ಲಿ ಲಿವರ್ ಕಿಣ್ವಗಳನ್ನು ಏರಿಸುತ್ತದೆ. ಕ್ಯಾಪ್ಸೂಲ್, ಕಷಾಯ, ಸ್ಟಾಟಿನ್ ಮೂರೂ ಒಟ್ಟಿಗೆ ನಡೆಯುತ್ತಿರುವಾಗ ಲಿವರ್ ಕಿಣ್ವವಾದ ಎಸ್‌ಜಿಪಿಟಿ 200 ಬಂತು ಅಂದುಕೊಳ್ಳಿ. ಯಾವುದರಿಂದ ಅಂತ ಹೇಳಲಾಗದೆ ಡಾಕ್ಟರು ಸ್ಟಾಟಿನ್ನನ್ನೂ ನಿಲ್ಲಿಸಬೇಕಾಗುತ್ತದೆ. ಸ್ಟೆಂಟ್ ಹಾಕಿದವರಿಗೆ ಪಕ್ಕಾ ಪುರಾವೆ ಇರುವ ಔಷಧಿ ತಪ್ಪಿಹೋಗುವುದು ಹೀಗೆ.

ಮುಂಗೈಯ ನೀಲಿ ಕಲೆಗಳಿಗೆ ಆಸ್ಪಿರಿನ್–ಕ್ಲೊಪಿಡೋಗ್ರೆಲ್ ಜೋಡಿಯೇ ಕಾರಣ ಇರಬಹುದು, ಅದು ಸಾಮಾನ್ಯ. ಆದರೆ ಕರ್ಕ್ಯುಮಿನ್ನಿಗೂ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳುವುದನ್ನು ತಗ್ಗಿಸುವ ಗುಣ ಇರುವುದರಿಂದ ಮೂರನೆಯದನ್ನು ಸೇರಿಸಬಾರದು. ಮಲ ಟಾರಿನಂತೆ ಕಪ್ಪಗಾದರೆ, ಮೂಗಿನ ರಕ್ತ ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ. ಕರ್ಕ್ಯುಮಿನ್ನಿಂದ ಉಪಯೋಗವೇ ಇಲ್ಲ ಎಂದೂ ನಾನು ಹೇಳುವುದಿಲ್ಲ. ಮೊಣಕಾಲಿನ ಸವೆತದ ನೋವಿನ ಮೇಲೆ ಒಂದಿಷ್ಟು ಒಳ್ಳೆಯ ಫಲಿತಾಂಶಗಳಿವೆ, ಪ್ರಯೋಗಗಳು ಚಿಕ್ಕವು. ರಕ್ತ ತೆಳುವಾಗಿಸುವ ಔಷಧಿ ಇಲ್ಲದ, ಲಿವರ್ ಮತ್ತು ಪಿತ್ತಕೋಶ ಸರಿ ಇರುವವರು ಡಾಕ್ಟರಿಗೆ ಹೇಳಿ ಕೆಲವು ವಾರ ನೋಡಬಹುದು. ನಿಮ್ಮ ತಂದೆಯವರು ಆ ಗುಂಪಿನವರಲ್ಲ.

ಅಮೃತಬಳ್ಳಿಯ ಬಗ್ಗೆ ವಾದ ಇನ್ನೂ ಮುಗಿದಿಲ್ಲ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಇದರ ಕಷಾಯ ಕುದಿಯಿತು. 2021ರಲ್ಲಿ ಮುಂಬೈನ ಲಿವರ್ ತಜ್ಞರು ಇದನ್ನು ಕುಡಿದವರಲ್ಲಿ ಕಾಮಾಲೆಯಾದ ಆರು ಪ್ರಕರಣಗಳನ್ನು ಪ್ರಕಟಿಸಿದರು. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ ಸೇರಿಸಿದ 43 ಪ್ರಕರಣಗಳ ವರದಿ ಬಂತು. ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಲಿವರಿನ ಮೇಲೆಯೇ ತಿರುಗಿಬೀಳುವ ಬಗೆಯ ಹೆಪಟೈಟಿಸ್ ಅದು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅಮೃತಬಳ್ಳಿಯನ್ನೇ ಹೋಲುವ ಇನ್ನೊಂದು ಜಾತಿಯ ಬಳ್ಳಿ ಬಳಕೆಯಾಗಿರಬಹುದು, ನಿಜವಾದ ಅಮೃತಬಳ್ಳಿ ಸುರಕ್ಷಿತ ಎಂಬುದು ಅದರ ನಿಲುವು. ನನ್ನ ಪ್ರಕಾರ ರೋಗಿಯ ಮಟ್ಟಿಗೆ ಎರಡೂ ವಾದ ಒಂದೇ ಕಡೆ ಬಂದು ನಿಲ್ಲುತ್ತವೆ: ಸಂತೆಯಲ್ಲಿ ಕೊಂಡ ಒಣಕಾಂಡ ಯಾವ ಬಳ್ಳಿಯದು ಎಂದು ನಿಮಗೂ ಗೊತ್ತಾಗುವುದಿಲ್ಲ, ಮಾರುವವನಿಗೂ ಗೊತ್ತಿರುವುದಿಲ್ಲ. ಥೈರಾಯ್ಡ್, ಸಂಧಿವಾತ, ಸೋರಿಯಾಸಿಸ್‌ನಂಥ ಆಟೋಇಮ್ಯೂನ್ ಕಾಯಿಲೆ ಇರುವವರು ಇದರಿಂದ ದೂರ ಇರುವುದೇ ಮೇಲು.

ನೆಲ್ಲಿಕಾಯಿ ಒಳ್ಳೆಯ ಆಹಾರ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ ಕೋಷ್ಟಕದ ಪ್ರಕಾರ ನೂರು ಗ್ರಾಮಿನಲ್ಲಿ ಸುಮಾರು 250 ಮಿ.ಗ್ರಾಂ ವಿಟಮಿನ್ ಸಿ ಇದೆ. ಗಂಡಸರಿಗೆ ದಿನಕ್ಕೆ ಬೇಕಾದದ್ದು 80. ಅಂದರೆ ಮಧ್ಯಮ ಗಾತ್ರದ ಒಂದು ಬೆಟ್ಟದ ನೆಲ್ಲಿಕಾಯಿ ಸಾಕು. ತಂಬುಳಿ ಮಾಡಿ, ಚಟ್ನಿ ಮಾಡಿ, ಚಿತ್ರಾನ್ನಕ್ಕೆ ತುರಿದು ಹಾಕಿ. ಮೊರಬ್ಬ ಮತ್ತು ಕ್ಯಾಂಡಿಯಲ್ಲಿ ಸಕ್ಕರೆ, ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ. ಖಾಲಿ ಹೊಟ್ಟೆಯ ರಸಕ್ಕೆ ಬೇಡ ಎನ್ನುವುದು ಎರಡು ಕಾರಣಕ್ಕೆ. ಆಸ್ಪಿರಿನ್ ತಿನ್ನುವ ಹೊಟ್ಟೆಗೆ ಅಷ್ಟು ಹುಳಿ ಒಳ್ಳೆಯದಲ್ಲ. ನೆಲ್ಲಿಗೆ ಸಕ್ಕರೆ ಇಳಿಸುವ ಗುಣ ಸ್ವಲ್ಪ ಇದೆ, ಗ್ಲಿಮೆಪಿರೈಡ್ ಜೊತೆ ಸೇರಿದಾಗ ಅದು ಲೆಕ್ಕಕ್ಕೆ ಬರಬಹುದು. ಕಿಡ್ನಿಯಲ್ಲಿ ಕಲ್ಲಾದ ಇತಿಹಾಸ ಇದ್ದರೆ ವಿಟಮಿನ್ ಸಿ ಮಾತ್ರೆ ಮತ್ತು ಅರಿಶಿನದ ದೊಡ್ಡ ಪ್ರಮಾಣ ಎರಡೂ ಬೇಡ, ಆಕ್ಸಲೇಟ್ ಏರುತ್ತದೆ.

ಹೊನ್ನೆಯ ಚೆಕ್ಕೆಗೆ ಸಕ್ಕರೆ ಇಳಿಸುವ ಗುಣ ಇದೆ ಎಂಬುದಕ್ಕೆ ಆಧಾರ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 1990ರ ದಶಕದಲ್ಲಿ ಅದನ್ನು ಪರೀಕ್ಷಿಸಿತು. ಆದರೆ ಅಲ್ಲಿ ಕೊಟ್ಟದ್ದು ತೂಕ ಮಾಡಿದ ಸಾರ, ದಿನಕ್ಕೆ 2ರಿಂದ 4 ಗ್ರಾಂ. ತೆಗೆದುಕೊಂಡವರು ಹೊಸದಾಗಿ ಪತ್ತೆಯಾದ, ಹಗುರ ಕಾಯಿಲೆಯವರು. ಲೋಟದ ನೀರಿಗೆ ಇಳಿಯುವ ಸಾರ ಮೊದಲ ವಾರ ಒಂದು ಅಳತೆ, ಎರಡು ತಿಂಗಳಾದ ಮೇಲೆ ಇನ್ನೊಂದು. ಸದಾ ಒದ್ದೆ ಇರುವ ಮರಕ್ಕೆ ಬೂಷ್ಟು ಹಿಡಿಯುವುದೂ ಉಂಟು. ಇಂದು ಎಷ್ಟು ಇಳಿಸುತ್ತದೋ ನಾಳೆ ಎಷ್ಟೋ ಎನ್ನುವ ಔಷಧಿಯ ಜೊತೆ ಗ್ಲಿಮೆಪಿರೈಡ್ ನಿಭಾಯಿಸುವುದು ಕಷ್ಟ.

ಹನ್ನೊಂದು ಗಂಟೆಯ ಬೆವರು, ನಡುಕ ಹೆಚ್ಚಾಗಿ ಸಕ್ಕರೆ ಇಳಿದದ್ದರ ಲಕ್ಷಣ. ಮತ್ತೆ ಹಾಗಾದರೆ ತಕ್ಷಣ ಗ್ಲೂಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ನೀರಿಗೆ ಹಾಕಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕೊಡಿ, ಆಮೇಲೆ ಊಟ ಅಥವಾ ತಿಂಡಿ. ಮೀಟರ್ ಕೈಗೆ ಸಿಗದಿದ್ದರೆ ಕಾಯಬೇಡಿ, ಸಕ್ಕರೆ ಕೊಟ್ಟುಬಿಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಫೋನ್ ಮಾಡಿ. ಸಕ್ಕರೆ 70ಕ್ಕಿಂತ ಮೇಲಿದ್ದು ಬೆವರು, ಎದೆ ಭಾರ, ಉಸಿರುಗಟ್ಟುವುದು ಇದ್ದರೆ ಹೃದಯದ ತೊಂದರೆ ಎಂದೇ ಭಾವಿಸಿ ಆಸ್ಪತ್ರೆಗೆ ಓಡಿ. ಸ್ಟೆಂಟ್ ಇರುವವರಲ್ಲಿ ಬೆವರು ಬಂದಾಗಲೆಲ್ಲ 'ಶುಗರ್ ಇಳಿದಿದೆ' ಅಂದುಕೊಳ್ಳುವುದು ಅಪಾಯ. ಹೆಚ್ಚುವರಿ ಕಷಾಯಗಳನ್ನು ನಿಲ್ಲಿಸಿದ ಎರಡು ವಾರ ಬೆಳಗಿನ ಮತ್ತು ಊಟದ ಎರಡು ಗಂಟೆ ನಂತರದ ಸಕ್ಕರೆಯನ್ನು ಬರೆದಿಡಿ. ಅಂಕಿ ಮೇಲೇರಬಹುದು, ಗಾಬರಿ ಬೇಡ, ಮಾತ್ರೆಯ ಪ್ರಮಾಣ ಸರಿಪಡಿಸಲು ಡಾಕ್ಟರಿಗೆ ಬೇಕಾದದ್ದು ಅದೇ ಪಟ್ಟಿ.

ರಕ್ತಪರೀಕ್ಷೆ ಹೀಗಿರಲಿ: ಈಗೊಮ್ಮೆ ಲಿವರ್ ಫಂಕ್ಷನ್ ಟೆಸ್ಟ್ ಮತ್ತು ಕ್ರಿಯಾಟಿನಿನ್, ನಾಲ್ಕರಿಂದ ಆರು ವಾರ ಬಿಟ್ಟು ಮತ್ತೊಮ್ಮೆ ಲಿವರಿನದು. ಕಣ್ಣು ಹಳದಿಯಾಗುವುದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುವುದು, ಊಟ ಸೇರದಿರುವುದು, ಮೈ ಕೆರೆತ ಕಂಡರೆ ಆರು ವಾರ ಕಾಯಬೇಡಿ. ಡಾಕ್ಟರ ಬಳಿ ಹೋಗುವಾಗ ಬಾಟಲಿಗಳನ್ನೇ ಒಯ್ಯಿರಿ. 'ಅರಿಶಿನ ತಿಂತಾರೆ' ಅಂದರೆ ಯಾವ ಡಾಕ್ಟರೂ 950 ಮಿ.ಗ್ರಾಂ ಎಂದು ಊಹಿಸುವುದಿಲ್ಲ.

ಅಡುಗೆಗೆ ಅರಿಶಿನ ಕೊಳ್ಳುವಾಗ ಒಂದು ಎಚ್ಚರ. ಬಣ್ಣ ಹೊಳೆಯಲೆಂದು ಕೊಂಬಿಗೆ ಸೀಸದ ಕ್ರೋಮೇಟ್ ಹಚ್ಚುವ ಕಲಬೆರಕೆ ನಿಜಕ್ಕೂ ನಡೆಯುತ್ತದೆ. ಕೊಂಬನ್ನು ಗಾಜಿನ ಲೋಟದ ನೀರಿಗೆ ಹಾಕಿದ ಕೂಡಲೇ ಕಡು ಹಳದಿ ಬಣ್ಣ ಬಿಟ್ಟರೆ ಬಳಸಬೇಡಿ. ಪುಡಿಯಲ್ಲಿ ಹೀಗೆ ಪತ್ತೆ ಮಾಡುವುದು ಕಷ್ಟ, ಆದ್ದರಿಂದ ಕೊಂಬು ತಂದು ಮಿಲ್ಲಿಗೆ ಹಾಕಿಸುವುದು ಮೇಲು.

ಅಪ್ಪನಿಗೆ ಏನು ಹೇಳುವುದು? 'ನಾಟಿ ಔಷಧಿ ಎಲ್ಲ ಸುಳ್ಳು' ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ, ಅದು ನಿಜವೂ ಅಲ್ಲ. ಅವರ ವಾದವನ್ನೇ ಹಿಡಿದು ಹೇಳಿ: ಸಕ್ಕರೆ ಏರಿದಾಗ ಫ್ರೀ ರ‍್ಯಾಡಿಕಲ್ ಹೆಚ್ಚುತ್ತದೆ ಎಂದಾದರೆ ಅದನ್ನು ಹುಟ್ಟುವಲ್ಲೇ ತಗ್ಗಿಸುವುದು ಸಕ್ಕರೆ ಇಳಿಸುವ ಮಾತ್ರೆ. ಬ್ರಿಟನ್ನಿನ ದೀರ್ಘ ಅಧ್ಯಯನದಲ್ಲಿ ಎಚ್‌ಬಿಎ1ಸಿ ಒಂದು ಅಂಶ ಕಡಿಮೆ ಇದ್ದವರಲ್ಲಿ ಕಣ್ಣು, ಕಿಡ್ನಿಯಂಥ ಸೂಕ್ಷ್ಮ ರಕ್ತನಾಳಗಳ ತೊಂದರೆ 37%, ಹೃದಯಾಘಾತ 14% ಕಡಿಮೆ ಇತ್ತು. ಇಂಥ ಲೆಕ್ಕ ಯಾವ ರಸದ ಬಾಟಲಿಯ ಹಿಂದೆಯೂ ಇಲ್ಲ. 7.9 ಎಂಬ ಅಂಕಿಯನ್ನು 7ರ ಹತ್ತಿರ ತರುವುದು ಹೇಗೆ, ಸಕ್ಕರೆ ತೀರಾ ಇಳಿಸದ ಮಾತ್ರೆಯನ್ನು ಗ್ಲಿಮೆಪಿರೈಡ್ ಬದಲು ಕೊಡಬಹುದೇ ಎಂದು ಮುಂದಿನ ಭೇಟಿಯಲ್ಲಿ ಕೇಳಿ. ನೆಲ್ಲಿಕಾಯಿ ತಂಬುಳಿ, ನುಗ್ಗೆಸೊಪ್ಪಿನ ಪಲ್ಯ, ಒಂದೆಲಗದ ಚಟ್ನಿ ಮನೆಯಲ್ಲಿ ಧಾರಾಳವಾಗಿ ನಡೆಯಲಿ. ಮುಂದೆಂದಾದರೂ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸಿಟ್ರಾಮ್ ಅಥವಾ ವಾರ್ಫರಿನ್ ಬರೆದುಕೊಟ್ಟರೆ ಮಾತ್ರ ಸೊಪ್ಪಿನ ಪ್ರಮಾಣ ದಿನದಿಂದ ದಿನಕ್ಕೆ ಹೆಚ್ಚುಕಡಿಮೆ ಆಗದಂತೆ ನೋಡಿಕೊಳ್ಳಿ, ಸೊಪ್ಪಿನ ವಿಟಮಿನ್ ಕೆ ಆ ಔಷಧಿಗಳ ಕೆಲಸವನ್ನು ಏರುಪೇರು ಮಾಡುತ್ತದೆ.